ಕಾಡು ಕಾಯುವ ಕೆಲಸಕ್ಕೆ ಸರ್ಕಾರದ ದುಡ್ಡು: ನಮ್ಮ ಕಾಲೊನಿಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಳಸ, ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆ ಅರ್ಜಿ ಬರೆಯಲು ಕೂತಾಗಲೆಲ್ಲ ಇದೇ ಪ್ರಶ್ನೆಗಳು ಬರುತ್ತವೆ. ನಾನು ಅಧಿಕಾರಿ ಅಲ್ಲ, ವಕೀಲನೂ ಅಲ್ಲ. ಕಾಫಿ ತೋಟದ ಕೆಲಸದ ನಡುವೆ ಅಕ್ಕಪಕ್ಕದ ಆದಿವಾಸಿ ಕಾಲೊನಿಗಳಿಗೆ ಠರಾವು, ಅರ್ಜಿ, ಲೆಕ್ಕ ಬರೆದುಕೊಡುತ್ತೇನೆ, ಅಷ್ಟೇ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು. ಪ್ರಶ್ನೆಗಳನ್ನು ಜನ ಕೇಳಿದ ಹಾಗೇ ಇಟ್ಟಿದ್ದೇನೆ.

ಅಳಿವಿನಂಚಿನ ಪ್ರಾಣಿ ಉಳಿಸೋಕೆ ಆದಿವಾಸಿಗಳಿಗೆ ಅಂತಲೇ ಒಂದು ನಿಧಿ ಇದೆಯಾ?

ಆ ಹೆಸರಿನ ಒಂದೇ ನಿಧಿ ನಮ್ಮಲ್ಲಿ ಇಲ್ಲ. ದುಡ್ಡು ಇದೆ, ಆದರೆ ಐದಾರು ಗಡಿಗೆಗಳಲ್ಲಿ ಹಂಚಿಹೋಗಿದೆ. ಒಂದು ಗಡಿಗೆ ಅರಣ್ಯ ಇಲಾಖೆಯ ಅಟ್ಟದ ಮೇಲಿದೆ, ಇನ್ನೊಂದು ಸಮಾಜ ಕಲ್ಯಾಣದ ಕಡೆ, ಮತ್ತೊಂದು ಪಂಚಾಯಿತಿಯಲ್ಲಿ. ಯಾವುದರ ಮೇಲೂ "ಇದು ಸಿಂಗಳೀಕ ಕಾಯುವ ಮಲೆಕುಡಿಯರಿಗೆ" ಅಂತ ಚೀಟಿ ಅಂಟಿಸಿಲ್ಲ. (ಸಿಂಗಳೀಕ ಅಂದರೆ ಸಿಂಹಬಾಲದ ಕೋತಿ, ಮಲೆಕುಡಿಯರು ನಮ್ಮ ಕಡೆಯ ಒಂದು ಬುಡಕಟ್ಟು.) ಹುಡುಕಿಕೊಂಡು ಹೋಗಬೇಕು. ಹೋಗುವಾಗ ಕೈಯಲ್ಲಿ ಗ್ರಾಮಸಭೆಯ ಠರಾವು ಇರಬೇಕು. ಈ ಠರಾವಿನ ಮಾತು ಮುಂದೆ ಪದೇ ಪದೇ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಕೆನಡಾದಲ್ಲಿ ಇದಕ್ಕೇ ಬೇರೆ ನಿಧಿ ಇದೆಯಂತಲ್ಲ?

ಹೌದು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಮೊಬೈಲಿನಲ್ಲಿ ನೋಡಿಕೊಂಡು ಬಂದು ಇದನ್ನು ಕೇಳಿದ. ಅಲ್ಲಿ 2002ರಲ್ಲಿ ಅಪಾಯದಲ್ಲಿರುವ ಜೀವಿಗಳ ಕಾಯ್ದೆ ಆಯಿತು. 2004ರಲ್ಲಿ ಅಲ್ಲಿನ ಮೂಲನಿವಾಸಿಗಳಿಗೆಂದೇ ಒಂದು ನಿಧಿ ಶುರುವಾಯಿತು. ಪರಿಸರ ಇಲಾಖೆ, ಮೀನುಗಾರಿಕೆ ಇಲಾಖೆ ಸೇರಿ ನಡೆಸುತ್ತವೆ. ಅರ್ಜಿ ಹಾಕುವವರು ಮೂಲನಿವಾಸಿ ಸಮುದಾಯದವರು ಅಥವಾ ಅವರ ಸಂಸ್ಥೆಯವರು ಆಗಿರಬೇಕು. ಪ್ರಾಣಿ ಎಣಿಸುವುದು, ಅದರ ಜಾಗ ಕಾಯುವುದು, ಹಿರಿಯರಿಗೆ ಗೊತ್ತಿರುವುದನ್ನು ದಾಖಲು ಮಾಡುವುದು, ಎಲ್ಲಕ್ಕೂ ದುಡ್ಡು ಕೇಳಬಹುದು.

ಅಲ್ಲಿನ ನಿಯಮದಲ್ಲಿ ಒಂದು ನನಗೆ ಬಹಳ ಹಿಡಿಸಿತು. ನಿಧಿ ಒಂದು ಡಾಲರ್ ಕೊಟ್ಟರೆ ಕನಿಷ್ಠ 20 ಸೆಂಟ್‌ನಷ್ಟು ಬೇರೆ ಕಡೆಯಿಂದ ಹೊಂದಿಸಬೇಕು. ಅದು ನಗದೇ ಆಗಬೇಕಿಲ್ಲ. ದುಡಿಮೆ, ಸಾಮಾನು, ವಾಹನ, ಇವಕ್ಕೂ ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮಲ್ಲಿ ಅಜ್ಜ ಕಾಡಿನಲ್ಲಿ ನಾಲ್ಕು ದಿನ ದಾರಿ ತೋರಿಸಿದರೆ ಊಟ ಹಾಕಿ ಕಳಿಸುತ್ತಾರೆ ಅಲ್ವಾ? ನಿಮ್ಮ ಅರ್ಜಿಯಲ್ಲಿ ಆ ನಾಲ್ಕು ದಿನವನ್ನೂ ರೂಪಾಯಿಯಲ್ಲಿ ಬರೆಯಿರಿ. ಆ ಅಭ್ಯಾಸ ಬೇಕು.

ಹಾಗಾದರೆ ನಮ್ಮಲ್ಲಿ ದುಡ್ಡು ಎಲ್ಲೆಲ್ಲಿ ಇದೆ?

ದೊಡ್ಡದರಿಂದ ಶುರು ಮಾಡೋಣ. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಹಾಗಾಗಿ ಅಲ್ಲಿಗೆ ಪ್ರತಿ ವರ್ಷ ಕೇಂದ್ರ ಮತ್ತು ರಾಜ್ಯ ಸೇರಿ ಹಣ ಕೊಡುತ್ತವೆ. ಕ್ಯಾಂಪ್ ಕಟ್ಟುವಂಥ ಒಂದು ಸಲದ ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ವರ್ಷಾ ವರ್ಷ ಬರುವ ಖರ್ಚಿಗೆ ಅರ್ಧ ಅರ್ಧ. ಇದಲ್ಲದೆ ಪ್ರತಿ ಹುಲಿ ಮೀಸಲಿಗೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಸಫಾರಿಗೆ ಬರುವವರು ಕೊಡುವ ಶುಲ್ಕ ಅಲ್ಲಿಗೆ ಹೋಗುತ್ತದೆ. ಸುತ್ತಲಿನ ಜನರನ್ನು ಸೇರಿಸಿಕೊಂಡು ಪರಿಸರ ಅಭಿವೃದ್ಧಿ ಕೆಲಸ ಮಾಡುವುದು ಪ್ರತಿಷ್ಠಾನದ ಉದ್ದೇಶಗಳಲ್ಲೇ ಒಂದು. ಈ ಸಾಲನ್ನು ಅರ್ಜಿಯಲ್ಲಿ ಧಾರಾಳವಾಗಿ ಬಳಸಿ.

ಕುದುರೆಮುಖ ಹುಲಿ ಮೀಸಲು ಅಲ್ಲ, ರಾಷ್ಟ್ರೀಯ ಉದ್ಯಾನ. ಅದಕ್ಕೆ ವನ್ಯಜೀವಿ ಆವಾಸ ಅಭಿವೃದ್ಧಿ ಅಂತ ಬೇರೆ ಕೇಂದ್ರ ಯೋಜನೆ. ಆ ಯೋಜನೆಯಲ್ಲಿ ತೀರಾ ಅಪಾಯದಲ್ಲಿರುವ ಜೀವಿಗಳಿಗೆ ಅಂತಲೇ ಒಂದು ಭಾಗ ಇದೆ. ರಣಹದ್ದು, ನೀಲಗಿರಿ ತಾರ್, ಮಲಬಾರ್ ಪುನುಗು ಬೆಕ್ಕು ಆ ಪಟ್ಟಿಯಲ್ಲಿವೆ.

ಆಮೇಲೆ ಕ್ಯಾಂಪಾ. ರಸ್ತೆ, ಅಣೆಕಟ್ಟು, ಗಣಿ ಅಂತ ಕಾಡು ಕಡಿದವರು ಕಟ್ಟಿದ ಪರಿಹಾರದ ಹಣ ಅದು. 2016ರ ಕಾಯ್ದೆ ಪ್ರಕಾರ ಅದರಲ್ಲಿ ಶೇ. 90 ರಾಜ್ಯಗಳಿಗೆ ಬರುತ್ತದೆ. ಸಾಮಾನ್ಯವಾಗಿ ಇದು ಗಿಡ ನೆಡುವುದರಲ್ಲೇ ಮುಗಿದುಹೋಗುತ್ತದೆ. ಆದರೆ ವನ್ಯಜೀವಿ ರಕ್ಷಣೆಗೂ ಬಳಸಬಹುದು.

ನಾಲ್ಕನೆಯದನ್ನು ನಮ್ಮ ಜನ ಕೇಳುವುದೇ ಕಡಿಮೆ. ಕರ್ನಾಟಕದಲ್ಲಿ 2013ರಲ್ಲಿ ವಿಶೇಷ ಘಟಕ ಯೋಜನೆ ಮತ್ತು ಗಿರಿಜನ ಉಪಯೋಜನೆಯ ಕಾಯ್ದೆ ಬಂತು. ಜನಸಂಖ್ಯೆಗೆ ತಕ್ಕ ಪಾಲನ್ನು ಇಲಾಖೆಗಳು ಎಸ್‌ಸಿ, ಎಸ್‌ಟಿ ಜನರಿಗೇ ಎತ್ತಿಡಬೇಕು. ಅರಣ್ಯ ಇಲಾಖೆಯನ್ನೂ ಕೇಳಬಹುದು: ಈ ವಲಯದಲ್ಲಿ ಗಿರಿಜನ ಉಪಯೋಜನೆಯಲ್ಲಿ ಏನು ಮಾಡಿದಿರಿ ಅಂತ. ಗ್ಯಾಸ್ ಸ್ಟವ್, ಸೋಲಾರ್ ದೀಪ ಹಂಚಿದ ಪಟ್ಟಿ ತೋರಿಸುತ್ತಾರೆ. ಬೇಡ ಅನ್ನಬೇಡಿ, ತಗೊಳ್ಳಿ. ಜೊತೆಗೆ ನಿಮ್ಮ ಹುಡುಗರಿಗೆ ಪ್ರಾಣಿ ಎಣಿಕೆ ತರಬೇತಿಯನ್ನೂ ಕೇಳಿ.

ಬುಡಕಟ್ಟು ಊರುಗಳಿಗೆ ಅಂತ ಕೇಂದ್ರದ ಧರ್ತಿ ಆಬಾ ಅಭಿಯಾನ 2024ರ ಅಕ್ಟೋಬರ್ 2ರಂದು ಶುರುವಾಯಿತು. ಒಟ್ಟು ಗಾತ್ರ 79,156 ಕೋಟಿ ರೂಪಾಯಿ, 17 ಮಂತ್ರಾಲಯಗಳ ಕೆಲಸ. ಮನೆ, ರಸ್ತೆ, ಕರೆಂಟು ಅಂತ ಜಾಸ್ತಿ ಸುದ್ದಿ ಆಗಿದ್ದು. ಆದರೆ ಸಮುದಾಯ ಅರಣ್ಯ ಹಕ್ಕು (ಕಾಡನ್ನು ಊರೊಟ್ಟಿಗೆ ಬಳಸುವ, ಕಾಯುವ ಹಕ್ಕು) ಸಿಕ್ಕಿದ ಊರುಗಳಿಗೆ ಕಾಡು ನಿರ್ವಹಣೆ ಯೋಜನೆ ಮಾಡಿಕೊಳ್ಳಲು ನೆರವು ಅಂತಲೂ ಅದರಲ್ಲಿ ಇದೆ. ಸಿಕ್ಕಿದ ಊರುಗಳಿಗೆ ಅನ್ನುವುದನ್ನು ಗಮನಿಸಿ. ಹಕ್ಕುಪತ್ರ ಇಲ್ಲದೆ ಈ ಬಾಗಿಲು ತೆರೆಯುವುದಿಲ್ಲ.

ಕೊನೆಯದು, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ. ಅದಕ್ಕೆ ಸ್ಥಳೀಯ ಜೀವವೈವಿಧ್ಯ ನಿಧಿ ಇರಬೇಕು. ಅದರ ಕಥೆ ಕೆಳಗೆ.

ನಾವು ಗೌಡ್ಲು ಜನ. ನಮ್ಮ ಹೆಸರು ಪಟ್ಟಿಯಲ್ಲಿ ಇದೆಯಾ?

ಇದೆ. ಗೌಡಲು, ಹಸಲರು, ಮಲೆಕುಡಿಯ, ಇರುಳಿಗ, ಹಕ್ಕಿಪಿಕ್ಕಿ ಎಲ್ಲರೂ ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇದ್ದಾರೆ. ಪಿಎಂ ಜನ್‌ಮನ್ ಬೇರೆ. ಅದು ಕೇಂದ್ರದ ಇನ್ನೊಂದು ಯೋಜನೆ, ತೀರಾ ದುರ್ಬಲ ಬುಡಕಟ್ಟುಗಳಿಗೆ ಮಾತ್ರ. ಕರ್ನಾಟಕದಲ್ಲಿ ಅದರಡಿ ಬರುವವರು ಜೇನುಕುರುಬರು ಮತ್ತು ಕೊರಗರು. "ಅವರಿಗೆ ಬಂತು, ನಮಗೆ ಯಾಕೆ ಬರಲಿಲ್ಲ" ಅಂತ ಜಗಳ ಆಡುವವರು ಇದನ್ನು ತಿಳಿದುಕೊಂಡರೆ ಅರ್ಧ ಜಗಳ ಕಡಿಮೆ ಆಗುತ್ತದೆ.

ನಾವು ಎಸ್‌ಟಿ ಅಲ್ಲ, ಆದರೆ ತಲೆಮಾರುಗಳಿಂದ ಕಾಡಿನ ಅಂಚಿನಲ್ಲೇ ಇದ್ದೇವೆ. ನಮಗೇನೂ ಇಲ್ಲವಾ?

ಇದೆ, ಆದರೆ ದಾಖಲೆ ಜಾಸ್ತಿ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಇತರ ಪಾರಂಪರಿಕ ಅರಣ್ಯವಾಸಿಗಳು ಅಂತ ಒಂದು ಗುಂಪು ಇದೆ. 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದಿರಿ ಅಂತ ತೋರಿಸಬೇಕು. ಎಲ್ಲಕ್ಕೂ ಕಾಗದವೇ ಬೇಕು ಅಂತಿಲ್ಲ. ಊರ ಹಿರಿಯರ ಹೇಳಿಕೆ, ಹಳೇ ಬಾವಿ, ಸಮಾಧಿ, ದೇವರ ಬನ, ಇವೂ ಸಾಕ್ಷಿ ಆಗುತ್ತವೆ. ಜೀವವೈವಿಧ್ಯ ಸಮಿತಿಗೆ ಜಾತಿಯ ಪ್ರಶ್ನೆಯೇ ಬರುವುದಿಲ್ಲ, ಅದು ಇಡೀ ಊರಿನದು.

ನಾನೊಬ್ಬನೇ ಅರ್ಜಿ ಹಾಕಬಹುದಾ?

ಬೇಡ. ಹಾಕಿದರೂ ಕಡತದಲ್ಲಿ ಮಲಗುತ್ತದೆ.

ಗ್ರಾಮಸಭೆ ಅಂದರೆ ಪಂಚಾಯಿತಿಯಲ್ಲಿ ವರ್ಷಕ್ಕೆರಡು ಸಲ ಕರೆಯುತ್ತಾರಲ್ಲ, ಅದೇನಾ?

ಇಲ್ಲೇ ಎಲ್ಲರೂ ಎಡವುವುದು. ಪಂಚಾಯಿತಿ ಗ್ರಾಮಸಭೆಗೆ ನಾಲ್ಕಾರು ಊರಿನವರು ಬರುತ್ತಾರೆ. ಕೆಳಗಿನ ಪೇಟೆಯವರು, ತೋಟದವರು, ಮನೆ ಬಿಲ್ ಕೇಳಲು ಬಂದವರು. ಅದರಲ್ಲಿ ಇಪ್ಪತ್ತು ಮನೆಯ ಮಲೆಕುಡಿಯರ ಮಾತು ಯಾರ ಕಿವಿಗೆ ಬೀಳಬೇಕು?

ಅರಣ್ಯ ಹಕ್ಕು ಕಾಯ್ದೆಯಲ್ಲಿ "ಗ್ರಾಮ" ಅನ್ನುವುದಕ್ಕೆ ಬೇರೆಯೇ ಅರ್ಥ ಇದೆ. ಕಂದಾಯ ದಾಖಲೆಯಲ್ಲಿ ಇಲ್ಲದ ಸಣ್ಣ ವಸತಿ, ಅರಣ್ಯ ಗ್ರಾಮ, ಹಳೇ ಕಾಲದ ನೆಲೆ, ಇವೂ ಗ್ರಾಮವೇ. ಅಲ್ಲಿನ ವಯಸ್ಕರೆಲ್ಲ ಸೇರಿದರೆ ಅದೇ ಗ್ರಾಮಸಭೆ. 2012ರ ತಿದ್ದುಪಡಿ ನಿಯಮದ ಪ್ರಕಾರ ಕನಿಷ್ಠ ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರು ಇರಬೇಕು. ಆ ಸಭೆ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆರಿಸುತ್ತದೆ. ಇದಲ್ಲದೆ ವನ್ಯಜೀವಿ, ಕಾಡು, ಜೀವವೈವಿಧ್ಯ ಕಾಯಲು ಇನ್ನೊಂದು ಸಮಿತಿ ಮಾಡಿಕೊಳ್ಳಲೂ ಅವಕಾಶ ಇದೆ. ಈ ಎರಡನೆಯದನ್ನು ನಮ್ಮ ಕಡೆ ಯಾರೂ ಮಾಡಿಕೊಂಡೇ ಇರುವುದಿಲ್ಲ. ಮಾಡಿಕೊಳ್ಳಿ. ಸಂರಕ್ಷಣೆ ಕೆಲಸಕ್ಕೆ ದುಡ್ಡು ಕೇಳುವಾಗ ಅರ್ಜಿದಾರರ ಜಾಗದಲ್ಲಿ ಬರೆಯಬೇಕಾದ ಹೆಸರು ಆ ಸಮಿತಿಯದು.

ಇದು ಕಾಗದದ ಮೇಲಿನ ಮಾತಲ್ಲ. ಚಾಮರಾಜನಗರದ ಬಿಳಿಗಿರಿರಂಗನಬೆಟ್ಟದಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದೂ ಹುಲಿ ಮೀಸಲಿನ ಒಳಗೆ. "ಅಭಯಾರಣ್ಯದಲ್ಲಿ ಹಕ್ಕು ಕೊಡೋಕೆ ಬರಲ್ಲ" ಅಂತ ಯಾರಾದರೂ ಹೇಳಿದರೆ ಈ ಉದಾಹರಣೆ ಕೊಡಿ. ಕಾಯ್ದೆಯ ಅರಣ್ಯ ಭೂಮಿಯಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎರಡೂ ಸೇರಿವೆ.

ಅರ್ಜಿಯಲ್ಲಿ ಏನು ಬರೆಯಬೇಕು? "ಕಾಡು ಉಳಿಸುತ್ತೇವೆ, ಸಹಾಯಧನ ಕೊಡಿ" ಅಂದರೆ ಸಾಕಾ?

ಸಾಲದು. ಯಾವ ಜೀವಿ, ಎಲ್ಲಿ, ಏನು ಕೆಲಸ, ಎಷ್ಟು ಜನ, ಎಷ್ಟು ದಿನ, ಎಷ್ಟು ದುಡ್ಡು. ಇಷ್ಟು ಇರಬೇಕು. ಒಂದು ನಿಜವಾದ ಉದಾಹರಣೆ ಹೇಳುತ್ತೇನೆ.

ಕಳಸದ ಕಡೆಯ ಒಬ್ಬರು ಅಜ್ಜನ ಜೊತೆ ಒಮ್ಮೆ ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ) ಗೂಡು ನೋಡಲು ಹೋಗಿದ್ದೆ. ಫೆಬ್ರುವರಿ ತಿಂಗಳು. ಮರದ ಎತ್ತರದಲ್ಲಿ ಒಂದು ಪೊಟರೆ. ಮಂಗಟ್ಟೆಯ ಹೆಣ್ಣು ಅದರೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಗಂಡು ಹಣ್ಣು ತಂದು ಕೊಡುತ್ತದೆ. ನಾನು ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತ ನಿಂತೆ, ಏನೂ ಕಾಣಲಿಲ್ಲ. ಅಜ್ಜ ಮೇಲೆ ನೋಡಲೇ ಇಲ್ಲ. ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ತರಗೆಲೆ ಸರಿಸಿದರು. ರಾಮಪತ್ರೆ (ಕಾಡು ಜಾಯಿಕಾಯಿ) ಬೀಜ, ಅತ್ತಿ ಹಣ್ಣಿನ ಸಿಪ್ಪೆ. ಒಂದು ಬೀಜ ಎತ್ತಿ ಉಗುರಿನಿಂದ ಕೆರೆದರು. "ನಿನ್ನೆದು. ಒಳಗೆ ಇದೆ" ಅಂದರು. ಪಕ್ಕದ ಇನ್ನೊಂದು ಮರದ ಬುಡದಲ್ಲಿ ಬೀಜಗಳು ಮೊಳಕೆ ಒಡೆದಿದ್ದವು. "ಇದು ಹೋದ ವರ್ಷದ್ದು. ಈ ಸಲ ಬಂದಿಲ್ಲ."

ಒಂದೂ ಕ್ಯಾಮೆರಾ ಇಲ್ಲದೆ ಎರಡು ಗೂಡಿನ ವರದಿ ಐದು ನಿಮಿಷದಲ್ಲಿ ಆಯಿತು. ಇದನ್ನೇ ಅರ್ಜಿ ಮಾಡಬೇಕು: "ನಮ್ಮ ಗಡಿಯೊಳಗೆ ಮಂಗಟ್ಟೆ ಗೂಡಿನ ಇಷ್ಟು ಮರಗಳಿವೆ. ಜನವರಿಯಿಂದ ಮೇ ತನಕ ಇಬ್ಬರು ವಾರಕ್ಕೆ ಎರಡು ದಿನ ಪ್ರತಿ ಮರದ ಬುಡ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಅಷ್ಟು ದಿನ ಆ ಮರಗಳ ಹತ್ತಿರ ಕಟ್ಟಿಗೆ, ಜೇನು ಯಾವುದಕ್ಕೂ ಯಾರೂ ಹೋಗುವುದಿಲ್ಲ ಅಂತ ಗ್ರಾಮಸಭೆ ತೀರ್ಮಾನಿಸಿದೆ. ಇಬ್ಬರ ದಿನಗೂಲಿ, ಬೂಟು, ಟಾರ್ಚು, ಪುಸ್ತಕ, ಒಟ್ಟು ಇಷ್ಟು." ಒಂದೂವರೆ ಪುಟ ಸಾಕು.

ಅರುಣಾಚಲದ ಪಕ್ಕೆ ಹುಲಿ ಮೀಸಲಿನ ಪಕ್ಕದಲ್ಲಿ ನಿಶಿ ಬುಡಕಟ್ಟಿನವರು ಹೀಗೇ ಮಂಗಟ್ಟೆ ಗೂಡು ಕಾಯುತ್ತಾರೆ, ಅದಕ್ಕೆ ಸಂಬಳ ಇದೆ. ಅಲ್ಲಿ ಹಣದ ಹೆಚ್ಚಿನ ಪಾಲು ಊರೂರಿನ ದಾನಿಗಳದ್ದು, ಅರಣ್ಯ ಇಲಾಖೆ ಜೊತೆಗಿದೆ. ನಾವು ಸರ್ಕಾರದಿಂದ ಕೇಳುತ್ತಿದ್ದೇವೆ, ಕೆಲಸದ ಬಗೆ ಅದೇ.

ಉಪ್ಪಾಗೆ, ರಾಮಪತ್ರೆ ಕೊಯ್ಯುವುದಕ್ಕೂ ಇದಕ್ಕೂ ಏನು ಸಂಬಂಧ?

ಬಹಳ ಇದೆ. ರಾಮಪತ್ರೆ ಮಂಗಟ್ಟೆಯ ಊಟ. ಉಪ್ಪಾಗೆ, ಅಂದರೆ ಒಣಗಿಸಿ ಮಾರುವ ಹುಳಿ ಕಾಡುಹಣ್ಣು, ಸಿಂಗಳೀಕದ ಊಟ. ರೇಟು ಬಂದ ವರ್ಷ ವ್ಯಾಪಾರಿ ಮುಂಗಡ ಕೊಟ್ಟು ಹೋಗುತ್ತಾನೆ, ಜನ ಹಣ್ಣಾಗುವ ಮೊದಲೇ ಕೊಯ್ದು ತರುತ್ತಾರೆ, ಕೆಲವರು ಕೊಂಬೆಯನ್ನೇ ಕಡಿಯುತ್ತಾರೆ. ಮುಂದಿನ ವರ್ಷ ಮರವೂ ಇಲ್ಲ, ಪ್ರಾಣಿಗೂ ಇಲ್ಲ. ಮರಕ್ಕೆ ಕೈ ಹಾಕುವ ಮೊದಲ ದಿನ ಯಾವುದು, ಪ್ರತಿ ಮರದಲ್ಲಿ ಎಷ್ಟು ಬಿಡಬೇಕು ಅಂತ ಗ್ರಾಮಸಭೆ ತೀರ್ಮಾನ ಮಾಡಿ ಬರೆದರೆ, ಅದೇ ಸಂರಕ್ಷಣಾ ಯೋಜನೆ. ಬುಡಕಟ್ಟು ಜನ ಕಾಡಿನ ಉತ್ಪನ್ನ ಹದ ಮಾಡಿ ಮಾರಲಿ ಅಂತ ಇರುವ ಸರ್ಕಾರದ ವನ್ ಧನ್ ಯೋಜನೆಯಲ್ಲಿ 300 ಜನರ ಒಂದು ಕೇಂದ್ರಕ್ಕೆ 15 ಲಕ್ಷ ರೂಪಾಯಿ ತನಕ ಇದೆ. ಒಣಗಿಸುವ ಒಲೆ, ಗೋದಾಮು ಅದರಲ್ಲಿ ಮಾಡಿಕೊಳ್ಳಬಹುದು. ಉಪ್ಪಾಗೆ ಮಳೆಗಾಲದ ಬೆಳೆ, ಒಣಗಿಸೋಕೆ ಸೌದೆ ಸಿಕ್ಕಾಪಟ್ಟೆ ಬೇಕು. ಒಳ್ಳೇ ಒಲೆ ಬಂದರೆ ಸೌದೆ ಉಳಿಯುತ್ತದೆ. ರಾಷ್ಟ್ರೀಯ ಉದ್ಯಾನದೊಳಗೆ ಕೊಯ್ಯುವ ಮಾತು ಬೇರೆ. ಅಲ್ಲಿ ಹಕ್ಕುಪತ್ರ ಸಿಗುವ ತನಕ ಕೈ ಹಾಕಬೇಡಿ, ಕೇಸು ಬೀಳುತ್ತದೆ.

ಅಳಿವಿನಂಚು ಅಂತ ಹೇಗೆ ಗೊತ್ತಾಗುತ್ತದೆ? ನಮ್ಮ ಕಾಡಲ್ಲಿ ದಿನಾ ಕಾಣೋ ಪ್ರಾಣಿ ಅದು!

ನಿಮ್ಮ ಕಾಡಲ್ಲಿ ಕಾಣುತ್ತದೆ, ಬೇರೆಲ್ಲೂ ಇಲ್ಲ, ಅದೇ ತೊಂದರೆ. ಸಿಂಗಳೀಕ ಇಡೀ ಪ್ರಪಂಚದಲ್ಲಿ ಪಶ್ಚಿಮ ಘಟ್ಟದಲ್ಲಿ ಮಾತ್ರ ಇದೆ. ಪ್ರಾಯಕ್ಕೆ ಬಂದವು 2,500ಕ್ಕಿಂತ ಕಡಿಮೆ ಅಂತ ಅಂದಾಜು. ಅರ್ಜಿಗೆ ಎರಡು ಪಟ್ಟಿ ನೋಡಿ. ಒಂದು, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿ. ಸಿಂಗಳೀಕ, ಹುಲಿ, ಆನೆ, ಕಾಟಿ, ಚಿಪ್ಪುಹಂದಿ, ದೊಡ್ಡ ಮಂಗಟ್ಟೆ ಅದರಲ್ಲಿವೆ. ಇನ್ನೊಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿ. ಮೊದಲನೆಯದು ಇದ್ದರೆ ನಮ್ಮ ಕಚೇರಿಗಳಿಗೆ ಸಾಕು.

ಹಿಂದೆ ನಮ್ಮವರು ಬೇಟೆ ಆಡುತ್ತಿದ್ದರು. ಅರ್ಜಿ ಹಾಕಿದರೆ ಹಳೇದೆಲ್ಲ ಕೆದಕುತ್ತಾರಾ?

ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಜನರ ಹೆಸರಲ್ಲೇ ಹಕ್ಕಿ ಇದೆ. ಹಕ್ಕಿ ಹಿಡಿಯುವುದೇ ಕುಲಕಸುಬು. 1972ರ ಕಾಯ್ದೆ ಬಂದ ಮೇಲೆ ಅದು ಅಪರಾಧ ಆಯಿತು, ಜನ ಎಣ್ಣೆ, ಪ್ಲಾಸ್ಟಿಕ್ ಹೂವು ಮಾರಲು ಹೊರಟರು. ಆದರೆ ಹಕ್ಕಿಯ ಕೂಗು ಹಾಗೇ ಅನುಕರಿಸುವ, ಯಾವ ಪೊದೆಯಲ್ಲಿ ಯಾವುದು ಕೂರುತ್ತದೆ ಅಂತ ಹೇಳುವ ಹಿರಿಯರು ಅಲ್ಲಿ ಇನ್ನೂ ಇದ್ದಾರೆ. ಅವರನ್ನು ಪಕ್ಷಿ ಗಣತಿಗೆ ಸಂಬಳ ಕೊಟ್ಟು ಕರೆಯದಿದ್ದರೆ ನಷ್ಟ ಗಣತಿಗೆ.

ಕೇರಳದ ಪೆರಿಯಾರ್‌ನಲ್ಲಿ ಕಾಡಿನ ದಾಲ್ಚಿನ್ನಿ ತೊಗಟೆ ಕದ್ದು ಮಾರುತ್ತಿದ್ದವರನ್ನೇ ಸೇರಿಸಿ ಒಂದು ಪರಿಸರ ಅಭಿವೃದ್ಧಿ ಸಮಿತಿ ಮಾಡಿದರು. ಈಗ ಅವರು ಪ್ರವಾಸಿಗರನ್ನು ಕರೆದೊಯ್ಯುತ್ತಾರೆ, ಗಸ್ತು ತಿರುಗುತ್ತಾರೆ. 1996ರಲ್ಲಿ ಶುರುವಾದ ಪರಿಸರ ಅಭಿವೃದ್ಧಿ ಯೋಜನೆಯ ಕಾಲದ ಕೆಲಸ ಅದು. ನಮ್ಮ ನಾಗರಹೊಳೆಯೂ ಆ ಯೋಜನೆಯಲ್ಲಿತ್ತು. ನಡೆಯುತ್ತಿರುವ ಕೇಸು ಇದ್ದರೆ ಅದನ್ನು ಮುಚ್ಚಿಡಬೇಡಿ, ಆ ಒಬ್ಬರನ್ನು ಸಮಿತಿ ಪದಾಧಿಕಾರಿ ಮಾಡಬೇಡಿ. ಅಷ್ಟು ಸಾಕು.

ನನ್ನ ಮಗ ಕಳ್ಳಬೇಟೆ ತಡೆ ಕ್ಯಾಂಪಿನಲ್ಲಿ ವಾಚರ್. ಅದೂ ಇದರಲ್ಲಿ ಬರುತ್ತದಾ?

ಬರುತ್ತದೆ. ನಮ್ಮ ಹುಡುಗರು ಕಾಡು ಕಾಯುವುದಕ್ಕೆ ಸರ್ಕಾರ ಕೊಡುವ ದುಡ್ಡಿನಲ್ಲಿ ಜಾಸ್ತಿ ಮನೆಗಳಿಗೆ ತಲುಪುವುದು ಇದೇ. ಬೇಜಾರಿನ ಕಥೆಯೂ ಇಲ್ಲೇ ಜಾಸ್ತಿ. ನಮ್ಮ ಕಡೆಯ ಒಂದು ವಲಯದಲ್ಲಿ ಹೊರಗುತ್ತಿಗೆ ವಾಚರ್‌ಗಳಿಗೆ ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಕ್ಯಾಂಪಿಗೆ ಅಕ್ಕಿ ಒಯ್ಯಲು ಪೇಟೆಯ ಅಂಗಡಿಯಲ್ಲಿ ಸಾಲ ಬರೆಸಿದ್ದರು. ಆ ಸಾಲದ ಪುಸ್ತಕ ನಾನು ನೋಡಿದ್ದೇನೆ: ಅಕ್ಕಿ, ಒಣಮೀನು, ಬೀಡಿ, ಬ್ಯಾಟರಿ, ಪುಟದ ಕೆಳಗೆ ಅಂಗಡಿಯವನ ಕೈಬರಹದಲ್ಲಿ "ಸಂಬಳ ಆದ ಮೇಲೆ". ಕೇಳಿದರೆ ಕಚೇರಿಯವರು ಏಜೆನ್ಸಿ ಕಡೆ ತೋರಿಸಿದರು, ಏಜೆನ್ಸಿಯವರು ಅನುದಾನ ಬಂದಿಲ್ಲ ಅಂದರು.

ಸೇರುವಾಗಲೇ ಮೂರು ಕಾಗದ ಇಟ್ಟುಕೊಳ್ಳಿ. ನೇಮಕದ ಪತ್ರ ಅಥವಾ ಅದರ ಮೊಬೈಲ್ ಫೋಟೊ. ಪಿಎಫ್‌ನ ಯುಎಎನ್ ನಂಬರು. ತಿಂಗಳ ಹಾಜರಿ ಪುಟದ ಫೋಟೊ. ಇವಿಲ್ಲದೆ ಕಾರ್ಮಿಕ ಇಲಾಖೆಗೆ ಹೋದರೆ ಬರೀ ಬಾಯಿಮಾತು ಆಗುತ್ತದೆ.

ಹಾಸನ ಕಡೆ ಆನೆ ಕಾಟ. ಅದಕ್ಕೂ ನಮ್ಮ ಜನರನ್ನು ಸೇರಿಸಿಕೊಳ್ಳುತ್ತಾರಾ?

ಆಲೂರು, ಸಕಲೇಶಪುರ, ಬೇಲೂರು ತೋಟಗಳಲ್ಲಿ ಆನೆ ಈಗ ಕಾಡಿನ ಪ್ರಾಣಿ ಅನ್ನುವ ಹಾಗೇ ಇಲ್ಲ. 2023ರ ಗಣತಿಯಲ್ಲಿ ರಾಜ್ಯದಲ್ಲಿ 6,395 ಆನೆ ಅಂತ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಿದ್ದು ಯಾರೂ ಮರೆತಿಲ್ಲ. 2022ರಲ್ಲಿ ಸರ್ಕಾರ ಹಾಸನ, ಚಿಕ್ಕಮಗಳೂರು, ಕೊಡಗು, ಮೈಸೂರಿಗೆ ಆನೆ ಕಾರ್ಯಪಡೆ ಮಾಡಿತು. ಅದರಲ್ಲಿ ಹೊರಗುತ್ತಿಗೆ ಮೇಲೆ ಸ್ಥಳೀಯ ಹುಡುಗರನ್ನು ತಗೊಳ್ಳುತ್ತಾರೆ.

ಮುರಿದ ಬೈನೆ ಮರದ ತಿರುಳು ನೋಡಿ ಆನೆ ಎಷ್ಟು ಹೊತ್ತಿಗೆ ಹೋಯಿತು ಅಂತ ಹೇಳುವವರು ಪಡೆಯಲ್ಲಿ ಇದ್ದರೆ ಮುಂಜಾನೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟುತ್ತದೆ. ನಿಮ್ಮ ಕಾಲೊನಿಯ ಇಬ್ಬರ ಹೆಸರನ್ನು ಠರಾವಿನಲ್ಲಿ ಬರೆದು ವಲಯ ಕಚೇರಿಗೆ ಕೊಡಿ. ಬೆಳೆ ಪರಿಹಾರ, ಸಾವಿನ ಪರಿಹಾರ ಬೇರೆ ಬಾಬ್ತು. ಅದನ್ನು ಇದರ ಜೊತೆ ಒಂದೇ ಅರ್ಜಿಯಲ್ಲಿ ಕಲಸಬೇಡಿ.

ಕಾಡು ಬಿಟ್ಟು ಬಂದರೆ 15 ಲಕ್ಷ ಕೊಡುತ್ತಾರಂತೆ. ಅದೂ ಸಂರಕ್ಷಣೆಯ ದುಡ್ಡೇ ಅಲ್ವಾ?

ಕೇಂದ್ರದ ಲೆಕ್ಕದಲ್ಲಿ ಹೌದು, ನನ್ನ ಲೆಕ್ಕದಲ್ಲಿ ಅಲ್ಲ. ಭಾಗವಹಿಸಿ ಅನ್ನುವುದಕ್ಕೂ ಎದ್ದು ಹೋಗಿ ಅನ್ನುವುದಕ್ಕೂ ವ್ಯತ್ಯಾಸ ಇದೆ. ಹುಲಿ ಮೀಸಲಿನಿಂದ ಸ್ವಂತ ಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಮೊದಲು 10 ಲಕ್ಷ ಇತ್ತು, 2021ರಲ್ಲಿ 15 ಲಕ್ಷ ಆಯಿತು. ಭದ್ರಾದ ಒಳಗಿನ ಊರುಗಳು 2002ರ ಸುಮಾರಿಗೆ ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೆ, ಮೂಡಿಗೆರೆ ಕಡೆಯ ಕೆಳಗೂರಿಗೆ ಬಂದವು. ಮನೆ ಜೊತೆ ಜಮೀನು ಕೊಟ್ಟರು ಅನ್ನುವ ಕಾರಣಕ್ಕೆ ಅದನ್ನು ದೇಶದಲ್ಲೆಲ್ಲ ಒಳ್ಳೇ ಉದಾಹರಣೆ ಅಂತ ಹೇಳುತ್ತಾರೆ. ನಗದು ಮಾತ್ರ ತಗೊಂಡು ಬರುವವರಿಗೆ ಆ ಉದಾಹರಣೆ ಹೊಂದುವುದಿಲ್ಲ.

ಹೋಗುವುದು ಬಿಡುವುದು ನಿಮ್ಮಿಷ್ಟ. ಕಾನೂನು ಇಷ್ಟು ಹೇಳುತ್ತದೆ: ಅರಣ್ಯ ಹಕ್ಕಿನ ಕೆಲಸ ಮುಗಿದಿರಬೇಕು, ಗ್ರಾಮಸಭೆ ಎಲ್ಲ ತಿಳಿದು ಒಪ್ಪಿರಬೇಕು. ಮನೆಮನೆಗೆ ಬಂದು ಒಬ್ಬೊಬ್ಬರ ಸಹಿ ತಗೊಂಡು ಹೋದರೆ ಅದು ಗ್ರಾಮಸಭೆಯ ಒಪ್ಪಿಗೆ ಆಗುವುದಿಲ್ಲ.

ಜೀವವೈವಿಧ್ಯ ಸಮಿತಿಯಲ್ಲಿ ದುಡ್ಡೇ ಇಲ್ಲ ಅಂತ ಪಿಡಿಒ ಹೇಳುತ್ತಾರೆ.

ನಿಜ ಇರಬಹುದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಅಂತ ಒಂದು ಪುಸ್ತಕ ಮಾಡಬೇಕು. ಬಹಳ ಕಡೆ ಆ ಪುಸ್ತಕ ಬೀರುವಿನಲ್ಲಿದೆ. ಹೋಗಿ ತೆಗೆಸಿ ನೋಡಿ. ನಿಮ್ಮ ಊರಿನ ಪುಟದಲ್ಲಿ ನಿಮಗೆ ಗೊತ್ತಿಲ್ಲದ ಗಿಡಗಳ ಹೆಸರು ಇದ್ದರೆ, ನಿಮ್ಮನ್ನು ಕೇಳದೆ ಯಾರೋ ತುಂಬಿದ್ದಾರೆ ಅಂತ ಅರ್ಥ. ಸರಿಪಡಿಸಲು ಬರೆದುಕೊಡಿ. ವ್ಯಾಪಾರಕ್ಕೆ ಕಾಡಿನ ವಸ್ತು ಒಯ್ಯುವವರಿಂದ ಸಮಿತಿ ಶುಲ್ಕ ವಸೂಲಿ ಮಾಡಬಹುದು. ಕೆಲವು ವಸ್ತುಗಳಿಗೆ ವಿನಾಯಿತಿ ಇದೆ, ಆ ಪಟ್ಟಿ ರಾಜ್ಯ ಜೀವವೈವಿಧ್ಯ ಮಂಡಳಿಯಲ್ಲಿ ಸಿಗುತ್ತದೆ.

ಔಷಧಿ ಗಿಡದ ಗುಟ್ಟು ಹೇಳಿದರೆ ಯಾರಾದರೂ ಕದಿಯುವುದಿಲ್ಲವಾ?

ಕದಿಯಬಹುದು. ಆದ್ದರಿಂದ ಪುಸ್ತಕಕ್ಕೆ ಎಲ್ಲವನ್ನೂ ಹೇಳಬೇಕಾಗಿಲ್ಲ. ಗಿಡ ಇದೆ ಅಂತ ಬರೆಸಿ. ಯಾವ ಬೇರು, ಯಾವುದರ ಜೊತೆ ಅರೆಯಬೇಕು ಅನ್ನುವುದನ್ನು ಅಜ್ಜಿ ಮೊಮ್ಮಗಳಿಗೆ ಹೇಳಲಿ.

ದುಡ್ಡು ಯಾವ ಖಾತೆಗೆ ಬರುತ್ತದೆ? ಲೆಕ್ಕ ಯಾರು ಇಡಬೇಕು?

ಸಮಿತಿ ಹೆಸರಿನಲ್ಲಿ ಖಾತೆ, ಇಬ್ಬರ ಜಂಟಿ ಸಹಿ. ಒಬ್ಬರು ಹೆಂಗಸಾಗಿರಲಿ ಅಂತ ನಾನು ಹಟ ಮಾಡುತ್ತೇನೆ. ನಾನು ನೋಡಿದ ಸಮಿತಿಗಳಲ್ಲಿ ಸಂಘದ ಅಕ್ಕಂದಿರು ಇಟ್ಟ ಲೆಕ್ಕ ತಪ್ಪಿದ್ದು ಕಡಿಮೆ. ಕಾಡಂಚಿನ ಅಂಗಡಿಯಲ್ಲಿ ಬಿಲ್ ಕೊಡುವುದಿಲ್ಲ, ಗೊತ್ತು. ಒಂದು ವೋಚರ್ ಪುಸ್ತಕ ತಂದಿಟ್ಟುಕೊಳ್ಳಿ, ಅಂಗಡಿಯವನ ಸಹಿ ಹಾಕಿಸಿ. ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಎರಡನೇ ಕಂತು ಬರುವುದಿಲ್ಲ.

ಒಬ್ಬರು ಬಂದು "ಪಾಸು ಮಾಡಿಸಿಕೊಡುತ್ತೇನೆ, ಶೇ. 10 ಕೊಡಿ" ಅಂದರು.

ಕಾಫಿ ಕೊಟ್ಟು ಕಳಿಸಿ.

ಅರ್ಜಿ ತಿರಸ್ಕಾರ ಆದರೆ?

ಯಾವ ಅರ್ಜಿ ಅನ್ನುವುದರ ಮೇಲೆ ಹೋಗುತ್ತದೆ. ಅರಣ್ಯ ಹಕ್ಕಿನ ಅರ್ಜಿ ಆದರೆ ಗ್ರಾಮಸಭೆಯ ತೀರ್ಮಾನದ ಮೇಲೆ ಎಸಿ ಅಧ್ಯಕ್ಷತೆಯ ಉಪವಿಭಾಗ ಸಮಿತಿಗೆ, ಅದರ ಮೇಲೆ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗಬಹುದು. ಪ್ರತಿ ಹಂತಕ್ಕೂ 60 ದಿನ. ತಿರಸ್ಕಾರದ ಕಾರಣ ಬರಹದಲ್ಲಿ ಕೊಡಬೇಕು, ನಿಮ್ಮ ಮಾತು ಕೇಳದೆ ತಿರಸ್ಕರಿಸುವ ಹಾಗಿಲ್ಲ. ಯೋಜನೆಯ ದುಡ್ಡಿನ ಅರ್ಜಿ ಆದರೆ ಮೇಲ್ಮನವಿ ಅನ್ನುವುದೇ ಇಲ್ಲ. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ: ಈ ವರ್ಷ ಈ ಬಾಬ್ತಿನಲ್ಲಿ ಎಷ್ಟು ಬಂತು, ಯಾರಿಗೆ ಕೊಟ್ಟಿರಿ. 30 ದಿನದಲ್ಲಿ ಉತ್ತರ ಬರಬೇಕು. ಆ ಉತ್ತರ ಹಿಡಿದುಕೊಂಡು ಮುಂದಿನ ವರ್ಷ ಹೋದರೆ ಕುರ್ಚಿ ಕೊಟ್ಟು ಕೂರಿಸುತ್ತಾರೆ.

ಯಾವ ತಿಂಗಳು ಶುರು ಮಾಡಬೇಕು?

ಸರ್ಕಾರದ ವರ್ಷ ಏಪ್ರಿಲ್‌ಗೆ ಶುರು. ಇಲಾಖೆಯವರು ಮುಂದಿನ ವರ್ಷದ ಕ್ರಿಯಾ ಯೋಜನೆ ಅದಕ್ಕೂ ಮೊದಲೇ ಬರೆಯುತ್ತಾರೆ. ನಿಮ್ಮ ಠರಾವು ಅಷ್ಟರಲ್ಲಿ ಅವರ ಮೇಜಿನ ಮೇಲೆ ಇರಬೇಕು. ಹಾಗಂತ ಡಿಸೆಂಬರ್, ಜನವರಿಯಲ್ಲಿ ಸಭೆ ಕರೆಯಬೇಡಿ. ಎಲ್ಲರೂ ಕಾಫಿ ಹಣ್ಣು ಕೊಯ್ಯಲು ಹೋಗಿರುತ್ತಾರೆ, ಅರ್ಧ ಜನವೂ ಸೇರುವುದಿಲ್ಲ, ಕೋರಂ ಇಲ್ಲ ಅಂತ ಠರಾವೇ ಬಿದ್ದುಹೋಗುತ್ತದೆ. ಜುಲೈನಲ್ಲಿ ಹೊಳೆ ದಾಟೋಕೆ ಆಗುವುದಿಲ್ಲ. ದೀಪಾವಳಿ ಕಳೆದ ಮೊದಲ ಭಾನುವಾರ ಇಟ್ಟುಕೊಳ್ಳಿ. ಮಳೆ ನಿಂತಿರುತ್ತದೆ, ಕೊಯ್ಲು ಶುರುವಾಗಿರುವುದಿಲ್ಲ, ಹೊರಗೆ ಕೆಲಸಕ್ಕೆ ಹೋದ ಹುಡುಗರೂ ಊರಲ್ಲಿ ಇರುತ್ತಾರೆ. ಹಾಜರಿ ಪುಸ್ತಕಕ್ಕೆ ಸ್ಟಾಂಪ್ ಪ್ಯಾಡ್ ಮರೆಯಬೇಡಿ, ಹೆಬ್ಬೆಟ್ಟು ಒತ್ತುವವರು ಇನ್ನೂ ಇದ್ದಾರೆ.